ಸೂಜಿತೂತಿನ ಮೇಲಿನ ಬೊಟ್ಟು

ಅವಳು ಕೆಟ್ಟವಳಾಗಿದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಕೆಟ್ಟವರನ್ನು ಬೈದುಕೊಂಡು ಹಾಯಾಗಿರಬಹುದು. ನನ್ನ ಕ್ಲಾಸಿನ ಇವಳೋ, ತುಮಕೂರಿನ ಸದಾಶಿವನಗರದ ಮನೆಯಿಂದ ಸ್ಕೂಟಿಯಲ್ಲಿ ಕಾಲೇಜಿಗೆ ಬರುವಾಗ ನನಗೂ ಸೇರಿಸಿ ಎರಡು ಡಬ್ಬಿ ತಿಂಡಿ ತರುತ್ತಿದ್ದಳು. ಕಡಬದಿಂದ ಗುಬ್ಬಿಗೊಂದು ಬಸ್ಸು, ಗುಬ್ಬಿಯಿಂದ ತುಮಕೂರಿಗೆ ಇನ್ನೊಂದು ಬಸ್ಸು ಹಿಡಿದು ಬೆವರೊರೆಸಿಕೊಂಡು ಬರುವ ನಾನು, ಅವಳ ಮನೆಯ ಚಿತ್ರಾನ್ನ ತಿನ್ನುತ್ತಲೇ ಅವಳನ್ನು ಕಂಡು ಉರಿಯುತ್ತಿದ್ದೆ. ಚಿತ್ರಾನ್ನ ಬೇರೆ ಚೆನ್ನಾಗಿರುತ್ತಿತ್ತು.

ಇಂಜಿನಿಯರಿಂಗಿನ ಕೊನೆಯ ವರ್ಷ ಅದು. ನಮ್ಮ ಕೈಯಲ್ಲೇ ಒಂದು ದೊಡ್ಡ ಬಲೂನು ಹಾರಿಸಬೇಕೆಂದು ನಮ್ಮ ಮೇಷ್ಟ್ರು ಹಟ ಹಿಡಿದಿದ್ದರು. ವಿಮಾನಗಳಿಗಿಂತಲೂ ಮೇಲೆ ಹೋಗಿ ಬಲೂನು ಒಡೆಯುತ್ತದೆ. ಅದಕ್ಕೆ ಕಟ್ಟಿದ ಥರ್ಮೋಕೋಲ್ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿದು ಬರುತ್ತದೆ. ಆ ಪೆಟ್ಟಿಗೆ ತುಂಬುವುದೇ ನಮ್ಮ ಪ್ರಾಜೆಕ್ಟು. ಅವಳು ಗಾಳಿಯ ಒತ್ತಡ ಅಳೆಯುವ ಬೋರ್ಡು ಮಾಡಿದ್ದಳು, ನಾನು ಬಿಸಿಲು ಅಳೆಯುವ ಬೋರ್ಡು ಮಾಡಿದ್ದೆ. ಎರಡೂ ಸೇರಿದರೆ ತೂಕ ಮೀರುತ್ತಿತ್ತು. ಮೇಷ್ಟ್ರು ಮನೆಯಿಂದ ತಂದಿದ್ದ ಅಡುಗೆಮನೆಯ ತಕ್ಕಡಿಯ ಮೇಲೆ ಒಂದೊಂದನ್ನೇ ಇಟ್ಟು, ತೆಗೆದು, ಕೊನೆಗೆ ನನ್ನದನ್ನು ಪಕ್ಕಕ್ಕೆ ಸರಿಸಿದರು.

"ಇದು ಭಾರ ಆಯ್ತಮ್ಮ. ನೀನು ಟೆರೇಸ್ ಮೇಲಿಟ್ಟು ರೀಡಿಂಗ್ ತಗೊಂಬುಡು. ಮಾರ್ಕ್ಸ್‌ಗೇನೂ ತೊಂದ್ರೆ ಇಲ್ಲ."

ಟೆರೇಸಂತೆ! ಅವಳದು ಆಕಾಶಕ್ಕೆ, ನನ್ನದು ನೀರಿನ ಟ್ಯಾಂಕಿನ ಪಕ್ಕಕ್ಕೆ. ಮುಖ ಊದಿಸಿಕೊಂಡು ನಿಂತ ನನ್ನ ಕೈಗೆ ಮೇಷ್ಟ್ರು ಚೆಕ್‌ಲಿಸ್ಟ್ ಕೊಟ್ಟರು. ಹಾರಿಸುವ ಮುಂಚೆ ಪ್ರತಿಯೊಂದನ್ನೂ ಕಣ್ಣಾರೆ ನೋಡಿ ಟಿಕ್ ಹಾಕುವುದು ನನ್ನ ಕೆಲಸ. "ನಿನ್ ಕಣ್ ತಪ್ಪಿಸಿ ಏನೂ ಹೋಗಲ್ಲ ಕಣಮ್ಮ," ಎಂದು ಬೆಣ್ಣೆ ಬೇರೆ ಹಚ್ಚಿದರು.

ಅವಳ ಸೆನ್ಸರು ಪೆಟ್ಟಿಗೆಯ ಹೊರಮೈಗೆ ಅಂಟಿಸಿದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ತೇವ ಒಳಗೆ ಹೋಗದಂತೆ ಸುತ್ತಲೂ ಅಂಟು ಬಳಿದು, ಗಾಳಿಯಾಡಲು ಸೂಜಿ ಹೋಗುವಷ್ಟು ಒಂದೇ ಒಂದು ತೂತು ಬಿಟ್ಟಿದ್ದಳು. ಅದು ಮುಚ್ಚಿಕೊಂಡರೆ ಸೆನ್ಸರಿಗೆ ಹೊರಗಿನ ಸುದ್ದಿಯೇ ತಿಳಿಯದು. ಲಿಸ್ಟಿನ ಒಂಬತ್ತನೆಯ ಸಾಲು ಹೀಗಿತ್ತು: ಡಬ್ಬಿಯ ತೂತು ತೆರೆದಿದೆ.

ಹಾರಿಸಿದ್ದು ನಮ್ಮೂರ ಕೆರೆಯ ಪಕ್ಕದ ಬಯಲಿನಲ್ಲಿ. ಬಲೂನಿಗೆ ತುಂಬಲು ಹಿರೇಹಳ್ಳಿಯಿಂದ ಗ್ಯಾಸ್ ಸಿಲಿಂಡರ್ ಬಂದಿತ್ತು. ಅರಿಶಿನ, ಕುಂಕುಮ, ಕರ್ಪೂರವನ್ನು ನಮ್ಮಮ್ಮ ಕೊಟ್ಟು ಕಳಿಸಿದ್ದಳು. ನಮ್ಮ ಕಡೆ ಹೊಸ ಬೈಕಿರಲಿ, ಬೋರ್‌ವೆಲ್ ಮೋಟಾರಿರಲಿ, ಕುಂಕುಮ ಇಡದೆ ಯಾರೂ ಸ್ವಿಚ್ ಹಾಕುವುದಿಲ್ಲ. ಬಲೂನನ್ನು ಹಾಗೇ ಕಳಿಸಲು ಮೇಷ್ಟ್ರಿಗೂ ಮನಸ್ಸಿರಲಿಲ್ಲ. ಕುಂಕುಮ ಕಲಸಿಕೊಂಡು ನಾನು ಮುಂದೆ ಹೋದರೆ, "ಅವ್ಳ ಕೈಗೆ ಕೊಡಮ್ಮ. ಅವ್ಳ ಬೋರ್ಡ್ ತಾನೇ ಹೋಗ್ತಿರೋದು," ಎಂದರು.

ನಮ್ಮೂರು, ನಮ್ಮ ಕೆರೆ, ನಮ್ಮಮ್ಮನ ಕುಂಕುಮ. ಬೆರಳು ಮಾತ್ರ ಅವಳದು. ನನಗೆ ಮೈಯೆಲ್ಲ ಉರಿದುಹೋಯಿತು.

ಪೆಟ್ಟಿಗೆಗೆ ಮೂರು ಬೊಟ್ಟಿಟ್ಟಳು. ಆಮೇಲೆ, ಉಬ್ಬುತ್ತಿದ್ದ ಬಲೂನಿನ ಕಡೆಗೇ ಕಣ್ಣು ನೆಟ್ಟು, ತನ್ನ ಡಬ್ಬಿಗೂ ಒಂದು ದಪ್ಪ ಬೊಟ್ಟಿಟ್ಟಳು. ಅದು ಸರಿಯಾಗಿ ತೂತಿನ ಮೇಲೆ ಕೂತಿತು.

ನಾನು ನೋಡಿದೆ. ಕಾಣಲಿಲ್ಲವೆಂದು ಹೇಳಿಕೊಳ್ಳುವ ಹಾಗೇ ಇಲ್ಲ, ಅಷ್ಟು ಹತ್ತಿರದಲ್ಲಿದ್ದೆ. ದುಪಟ್ಟಾದ ತುದಿಯಿಂದ ಒರೆಸಿ, ಒಂದು ಪಿನ್ನು ಆಡಿಸಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವಳೇ ಕೇಳಿದಳು: "ಒಂಬತ್ತು ನೋಡಿದ್ಯೇನೇ?"

"ನೋಡ್ದೆ ಕಣೇ, ಓಕೆ," ಎಂದೆ. ಟಿಕ್ ಹಾಕಿದೆ.

ಬಲೂನಿನ ಹಿಂದೆ ಕಾರಿನಲ್ಲಿ ಹೋದೆವು. ಪೆಟ್ಟಿಗೆ ಕುಣಿಗಲ್ ದಾಟಿ ಒಂದು ಹುರುಳಿ ಹೊಲದಲ್ಲಿ ಬಿದ್ದಿತ್ತು. ಅವಳು ಚಪ್ಪಲಿ ಬಿಟ್ಟು ಓಡಿಹೋಗಿ ಎತ್ತಿಕೊಂಡಳು. ಪೆಟ್ಟಿಗೆಯ ಮೂರೂ ಬೊಟ್ಟುಗಳು ಇದ್ದವು. ಡಬ್ಬಿಯದು ಮಾತ್ರ ಉದುರಿಹೋಗಿ, ತೂತು ಏನೂ ಆಗದ ಹಾಗೆ ತೆರೆದುಕೊಂಡಿತ್ತು. ಅಲ್ಲಿಗೆ ವಿಷಯ ಗೊತ್ತಿದ್ದವಳು ನಾನೊಬ್ಬಳೇ ಆದೆ.

ಲ್ಯಾಬಿನಲ್ಲಿ ಗ್ರಾಫ್ ತೆರೆದಳು. ಮೇಲೆ ಹೋದಂತೆಲ್ಲ ಒತ್ತಡದ ಗೆರೆ ಇಳಿಯುತ್ತ ಹೋಗಬೇಕು. ಅವಳ ಗೆರೆ ಬಹಳ ಹೊತ್ತು ನೆಲದ ಮೇಲಿದ್ದಷ್ಟೇ ಇದ್ದು, ಆಮೇಲೆ ಒಂದೇ ಏಟಿಗೆ ಕುಸಿದಿತ್ತು. ಬೊಟ್ಟು ಒಣಗಿ ಹಾರಿಹೋದ ಗಳಿಗೆ ಅದೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಅವಳು ಚೆಕ್‌ಲಿಸ್ಟ್ ತೆಗೆದು, ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟು, ನನ್ನ ಟಿಕ್ ನೋಡಿ, ಅದನ್ನು ಮಡಚಿಟ್ಟುಬಿಟ್ಟಳು. ಮರುದಿನದಿಂದ ತನ್ನ ಪ್ರೋಗ್ರಾಮಿನ ಒಂದೊಂದೇ ಸಾಲನ್ನು ತಿದ್ದುತ್ತ ಕೂತಳು.

ಮೊದಲೆರಡು ದಿನ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬಾಯಿ ತೆರೆಯಬೇಕೆಂದು ಎಷ್ಟೋ ಸಲ ಅವಳ ಪಕ್ಕ ಹೋಗಿ ಕೂತೆ. ಕೂತಾಗಲೆಲ್ಲ ಹಳೆಯ ಹೊಟ್ಟೆಕಿಚ್ಚು ಹೊಸ ಜಾಗ ಹುಡುಕಿಕೊಂಡು ಬರುತ್ತಿತ್ತು. ಒಬ್ಬರನ್ನು ಇಷ್ಟು ನಂಬುವುದಕ್ಕೆ ಇವಳಿಗೆ ಬರುತ್ತದಲ್ಲ, ನನಗೇಕೆ ಬರುವುದಿಲ್ಲ ಎಂದು ಅದಕ್ಕೂ ಉರಿದೆ. ಹೇಳದೆ ಎದ್ದು ಬಂದೆ.

ವೈವಾ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಗ್ರಾಫನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಸರದಿ ಕಾಯುತ್ತ ನಾನು ಅಲ್ಲೇ ಬೆಂಚಿನ ಮೇಲಿದ್ದೆ.

"ಡಬ್ಬಿ ತೂತು ಮುಚ್ಕೊಂಡಿತ್ತೇನಮ್ಮ? ಹಂಗಾಗಿದ್ರೆ ನಿನ್ ತಪ್ಪೇನಿಲ್ಲ, ಬೋರ್ಡ್ ಸರಿ ಇದೆ."

"ಇಲ್ಲ ಸರ್," ಎಂದಳು ಅವಳು. "ಅದನ್ನ ಚೆಕ್ ಮಾಡಿದ್ದು ಇವ್ಳು. ಇವ್ಳು ನೋಡಿದ್ರೆ ತಪ್ಪೋ ಚಾನ್ಸೇ ಇಲ್ಲ. ನನ್ ಪ್ರೋಗ್ರಾಮಲ್ಲೇ ಏನೋ ತಪ್ಪಿದೆ ಸರ್, ಸಿಗ್ತಾ ಇಲ್ಲ."

ಪರೀಕ್ಷಕರು ಪೆನ್ನು ಎತ್ತಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಹೌದೇನಮ್ಮ?"

"ಹೌದು ಸರ್, ತೆರೆದಿತ್ತು," ಎಂದೆ.