ಕಿಸಕ್ಕನ ವೀಸಾ ಫೋಟೋ

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮಾತಿಗೆ ಮೊದಲು ಕಿಸಕ್ಕನೆ ನಗುವ ಅಭ್ಯಾಸದಿಂದ ಬೀದಿಯವರು ಆಕೆಯನ್ನು ‘ಕಿಸಕ್ಕ’ ಎಂದು ಕರೆದರು. ಕೊನೆಕೊನೆಗೆ ಕರೆಂಟು ಬಿಲ್ಲು ಕೊಡುವವನೂ ಬಾಗಿಲಲ್ಲಿ ನಿಂತು ಹಾಗೆಯೇ ಕೂಗತೊಡಗಿದ. ಆಕೆಯ ಕಸುಬು ಹೊಲಿಗೆ. ಒಂದೇ ಮಳಿಗೆಗೆ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಮಾಡಿದ್ದರು. ಈಚೆ ಆಕೆಯ ಹೊಲಿಗೆ ಮೆಷಿನ್ನು, ಆಚೆ ಆಕೆಯ ಯಜಮಾನರ ಗಡಿಯಾರ ರಿಪೇರಿ. ಈಚೆ ಅಳತೆ ಕೊಡಲು ಬಂದವರು ಆಕೆಯ ಜತೆ ನಕ್ಕು ನಕ್ಕು ಹೊಟ್ಟೆ ಕುಣಿಸುತ್ತಿದ್ದುದರಿಂದ ಅಂಗಿಗಳೆಲ್ಲ ಒಂದಿಂಚು ದೊಡ್ಡವಾಗುತ್ತಿದ್ದವು. ಆಚೆ ಯಜಮಾನರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆಂದರೆ ಸಂಜೆಯವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಅವರು ನಕ್ಕದ್ದನ್ನು ಕಂಡವರಿಲ್ಲ. ಕಂಡೆ ಎಂದವರನ್ನು ನಂಬಿದವರಿಲ್ಲ.

ಕಿಸಕ್ಕನಿಗೆ ಇದ್ದವನು ಒಬ್ಬನೇ ತಮ್ಮ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನ ಮೂಗು ಒರೆಸಿದ್ದು, ಕಿವಿ ಹಿಂಡಿದ್ದು ಎಲ್ಲ ಈಕೆಯೇ. ಅವನು ಪಶ್ಚಿಮ ಆಫ್ರಿಕಾದ ಒಂದು ದೇಶದಲ್ಲಿ, ಮೀನು ಬಂದರಿನ ಐಸ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದ. ವಯಸ್ಸು ಐವತ್ತರ ಹತ್ತಿರ ಬಂದಿತ್ತು. ಅವನ ಮದುವೆಯ ಆಸೆಯನ್ನು ಎಲ್ಲರೂ ಬಿಟ್ಟು ಯಾವುದೋ ಕಾಲವಾಗಿತ್ತು. ಒಂದು ಬೆಳಗ್ಗೆ ಅವನ ಫೋನು ಬಂತು.

“ಅಕ್ಕಾ, ಏನ್ ಮಾಡ್ತಿದ್ದೀಯಾ?”

“ಪೆಡಲ್ ಮೇಲೆ ಕಾಲಿಟ್ಟಿದ್ದೀನಿ. ಹೇಳೋ.”

“ಮೊದಲು ಕಾಲು ತೆಗಿ. ನಾನು ಮದುವೆ ಆಗ್ತಿದ್ದೀನಿ.”

ಕಾಲು ತೆಗೆಯುವುದರೊಳಗೆ ಯಾರದೋ ಜೇಬಿನ ಬಾಯಿಯೇ ಹೊಲಿದುಹೋಗಿತ್ತು. ಹುಡುಗಿ ಅಲ್ಲಿಯವಳೇ, ಶಾಲೆಯಲ್ಲಿ ಲೆಕ್ಕದ ಟೀಚರು, ತನಗಿಂತ ಒಂದು ಗೇಣು ಎತ್ತರ ಎಂದ. “ನೀನೂ ಭಾವನೂ ಬರದಿದ್ರೆ ನಾನು ರಿಜಿಸ್ಟರ್ ಆಫೀಸಿನ ಮೆಟ್ಟಿಲು ಹತ್ತಲ್ಲ. ವೀಸಾಕ್ಕೆ ಈಗ ಎಲ್ಲೂ ಅಲೀಬೇಕಿಲ್ಲ ಅಕ್ಕ. ಕಂಪ್ಯೂಟರಲ್ಲೇ ಅರ್ಜಿ, ಕಂಪ್ಯೂಟರಲ್ಲೇ ವೀಸಾ. ಕೂತಲ್ಲೇ ಬರುತ್ತೆ.”

ಗಂಡ ಹೆಂಡತಿ ಇಬ್ಬರೂ ಬೀದಿ ತುದಿಯ ಜೆರಾಕ್ಸ್ ಅಂಗಡಿಗೆ ಹೋಗಿ ಕೂತರು. ಅಲ್ಲಿದ್ದ ಟೈಪಿಸ್ಟ್ ಮೇಡಂ ಹಳೆಯ ಟೈಪ್‌ರೈಟರಿನ ಕಾಲದವರು. ಕಂಪ್ಯೂಟರಿನ ಕೀಲಿಗಳನ್ನೂ ಮೊಳೆ ಹೊಡೆದಂತೆಯೇ ಹೊಡೆಯುತ್ತಿದ್ದರು. ಅರ್ಜಿಯ ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಅರ್ಥ ಹೇಳುತ್ತ ಬಂದರು.

“ಯಾವುದಾದ್ರೂ ದೇಶದ ಸರ್ಕಾರವನ್ನು ಉರುಳಿಸೋಕೆ ಪ್ರಯತ್ನ ಪಟ್ಟಿದ್ದೀರಾ?”

“ಮೂವತ್ತು ವರ್ಷದಿಂದ ಮನೆ ಸರ್ಕಾರಾನೇ ಅಲ್ಲಾಡಿಸೋಕಾಗಿಲ್ಲ ಮೇಡಂ,” ಎಂದು ಕಿಸಕ್ಕ ಯಜಮಾನರ ಕಡೆ ಕೈ ತೋರಿಸಿ ನಕ್ಕಳು.

ಯಜಮಾನರು ಮಾತ್ರ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. “ಕಾಲೇಜಲ್ಲಿದ್ದಾಗ ಒಂದು ಮೆರವಣಿಗೆಗೆ ಹೋಗಿದ್ದೆ. ಅದು ಲೆಕ್ಕಕ್ಕೆ ಬರುತ್ತಾ?”

“ಏನಾದ್ರೂ ಉರುಳ್ತಾ?”

“ಒಂದು ಸೈಕಲ್ಲು.”

“ಇಲ್ಲ ಅಂತ ಹಾಕ್ತೀನಿ,” ಎಂದು ಮೇಡಂ ಮೊಳೆ ಹೊಡೆದರು.

ಉಳಿದದ್ದು ಫೋಟೋ. ಯಜಮಾನರು ಎದುರಿನ ಸ್ಟುಡಿಯೋಕ್ಕೆ ಹೋಗಿ, ಕೂತು, ಎದ್ದು ಬಂದರು. ಒಂದೇ ಏಟಿಗೆ ಕೆಲಸ ಮುಗಿಯಿತು. “ಇವರು ಹುಟ್ಟಿದ್ದೇ ವೀಸಾ ಫೋಟೋಕ್ಕೆ,” ಎಂದು ಫೋಟೋದವರು ಮೆಚ್ಚಿಕೊಂಡರು. ಕಿಸಕ್ಕನ ಸರದಿ ಬಂದಾಗ ಕತೆ ಬೇರೆಯಾಯಿತು. ಪಾಸ್‌ಪೋರ್ಟಿನ ಕಚೇರಿಯಲ್ಲಿ ಆಕೆ ಎತ್ತ ನೋಡಬೇಕೆಂದು ಹುಡುಕುತ್ತಿದ್ದಾಗಲೇ ಫೋಟೋ ಹಿಡಿದುಬಿಟ್ಟಿದ್ದರು. ಆ ಅದೃಷ್ಟ ಮತ್ತೆ ಒದಗಲಿಲ್ಲ. ಕ್ಯಾಮೆರಾದ ಕಣ್ಣು ತನ್ನತ್ತ ತಿರುಗಿದ್ದೇ ತಡ, ಯಾರೋ ಕಂಕುಳಲ್ಲಿ ಕಚಗುಳಿ ಇಟ್ಟ ಹಾಗೆ ಮೂವತ್ತೆರಡೂ ಹಲ್ಲು ಹೊರಗೆ ಬಂದವು.

ಮೊದಲ ಫೋಟೋವನ್ನು ವೆಬ್‌ಸೈಟು ಆಗಲೇ ತಿರುಗಿಸಿ ಎಸೆಯಿತು. “ಮುಖದಲ್ಲಿ ಯಾವ ಭಾವನೆಯೂ ಇರಬಾರದಂತೆ,” ಎಂದರು ಮೇಡಂ. ಎರಡನೆಯ ಸಲ ಬಾಯಿ ಬಿಗಿಹಿಡಿದು ಕೂತಳು. ನಗು ಕೆನ್ನೆಯಲ್ಲಿ ತುಂಬಿಕೊಂಡು, ಎರಡೂ ಕಡೆ ಹಲ್ಲುನೋವು ಬಂದವರ ಹಾಗೆ ಕಂಡಳು. ಇದು ಮುಖವೇ ಅಲ್ಲ ಎಂದಿತು ವೆಬ್‌ಸೈಟು.

“ಏನಾದ್ರೂ ದುಃಖದ ವಿಷಯ ನೆನೆಸ್ಕೊಳ್ಳಿ ಅಕ್ಕಾ,” ಎಂದು ಫೋಟೋದವರು ಬೇಡಿಕೊಂಡರು.

ಕಿಸಕ್ಕ ಅತ್ತೆ ಸತ್ತದ್ದನ್ನು ನೆನೆಸಿಕೊಂಡಳು. ಪಾಪ, ಪ್ರಾಣ ಹೋಗುವ ಮುಂಚೆ ಮುದುಕಿ ಸೊಸೆಯನ್ನು ಹತ್ತಿರ ಕರೆದಿತ್ತು. ಆಶೀರ್ವಾದ ಮಾಡುತ್ತಾರೆಂದು ಎಲ್ಲರೂ ಕಿವಿ ನಿಮಿರಿಸಿ ನಿಂತರೆ, “ಹಾಲು ಉಕ್ಕೀತು ನೋಡು,” ಎಂದು ಕಣ್ಣು ಮುಚ್ಚಿತ್ತು. ಉಕ್ಕಿಯೂ ಇತ್ತು. ಅದು ನೆನಪಾಗಿ ಕಿಸಕ್ಕ ಸ್ಟೂಲಿನಿಂದ ಜಾರಿ ನೆಲದಲ್ಲಿ ಕೂತಳು. ಫೋಟೋದವರು ದೀಪ ಆರಿಸಿ ನೀರು ಕುಡಿಯಲು ಹೋದರು.

ಹೀಗೇ ದಿನ ಉರುಳಿದವು. ಯಜಮಾನರ ವೀಸಾ ಬಂದೂ ಬಂತು. ಮೇಡಂ ಅದನ್ನು ಅಚ್ಚು ಹಾಕಿ ಕೊಟ್ಟಾಗ ಅವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟು, “ನಾನೊಬ್ಬನೇ ಹೋಗಿ ಏನು ಮಾಡ್ಲಿ? ನನ್ನ ಮುಖ ನೋಡಿ ಮದುವೆಯೋ ಸಾವೋ ಅಂತ ಬೀಗರು ಗಾಬರಿ ಬೀಳ್ತಾರೆ,” ಎಂದರು. ಅದನ್ನು ತಮಾಷೆಗೆ ಹೇಳಿದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ್ದು.

ಆಗ ಕಿಸಕ್ಕನಿಗೆ ನಿಜವಾಗಿ ಭಯವಾಯಿತು. ಮದುವೆಯ ದಿನ ಹತ್ತಿರ ಬಂದಿತ್ತು. ತಮ್ಮ ಹಟಮಾರಿ, ಮೆಟ್ಟಿಲು ಹತ್ತಲ್ಲ ಎಂದರೆ ಹತ್ತುವವನಲ್ಲ. ಈ ಹಾಳು ನಗುವಿನಿಂದ ಅವನ ಮದುವೆಗೇ ಕಲ್ಲು ಬಿತ್ತಲ್ಲ ಎಂದುಕೊಂಡು ಮತ್ತೆ ಸ್ಟುಡಿಯೋಕ್ಕೆ ಹೋಗಿ ಕೂತಳು. ಕೂತವಳೇ ಅಳತೊಡಗಿದಳು.

“ಅಯ್ಯೋ, ಅಳೋದೂ ನಡೆಯಲ್ಲ ಅಕ್ಕಾ! ಅದೂ ಭಾವನೆಯೇ!” ಎಂದು ಫೋಟೋದವರು ತಲೆ ಹಿಡಿದುಕೊಂಡರು.

ಬಾಗಿಲ ಬಳಿ ನಿಂತಿದ್ದ ಯಜಮಾನರು ಹೆಂಡತಿ ಅತ್ತದ್ದನ್ನು ಎಂದೂ ಕಂಡವರಲ್ಲ. ಏನು ಮಾಡಬೇಕೆಂದು ತೋಚದೆ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಆಮೇಲೆ ಕ್ಯಾಮೆರಾದ ಪಕ್ಕಕ್ಕೆ ಬಂದು ನಿಂತು ಗಂಟಲು ಸರಿಮಾಡಿಕೊಂಡರು.

“ಇಲ್ಲಿ ಕೇಳು. ಗಡಿಯಾರ ಹಗಲೂ ರಾತ್ರಿ ನಡೀತಾನೇ ಇರುತ್ತೆ. ಆದ್ರೂ ಅದರ ಕಾಲಿಗೆ ಮುಳ್ಳು ಚುಚ್ಚಲ್ಲ. ಯಾಕೆ ಹೇಳು?”

ಯಜಮಾನರು ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿ ತಾವೇ ಉತ್ತರ ಹೇಳಿದರು.

“ಯಾಕಂದ್ರೆ ಮುಳ್ಳೆಲ್ಲಾ ಅದರ ಮುಖದಲ್ಲೇ ಇರುತ್ತೆ.”

ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹೇಳಿದ ಮೊದಲ ಜೋಕು ಅದು. ಕಿಸಕ್ಕನ ಅಳು ಗಕ್ಕನೆ ನಿಂತಿತು. ನಗುವೂ ಬರಲಿಲ್ಲ. ತನ್ನ ಕಿವಿಯನ್ನು ತಾನೇ ನಂಬದೆ, ಬಾಯಿ ಮುಚ್ಚಿ, ಕಣ್ಣು ತೆರೆದು, ಸುಮ್ಮನೆ ಎದುರು ನೋಡುತ್ತ ಕೂತುಬಿಟ್ಟಳು.

ಫೋಟೋದವರು ಆ ಗಳಿಗೆ ಬಿಟ್ಟುಕೊಡಲಿಲ್ಲ.

ಫೋಟೋವನ್ನು ವೆಬ್‌ಸೈಟು ಗುಟುಕು ನೀರಿನಂತೆ ನುಂಗಿತು. ಅದೇ ವಾರ ಕಿಸಕ್ಕನ ವೀಸಾವೂ ಬಂತು. “ಜೋಕು ಚೆನ್ನಾಗಿತ್ತು ಕಣ್ರೀ,” ಎಂದು ಆಕೆ ಹಲಗೆಯ ಈಚೆಯಿಂದ ಹೇಳಿದಳು. “ನಗು ಬರಲಿಲ್ವಲ್ಲ,” ಎಂದಿತು ಆಚೆಯ ದನಿ. ಯಜಮಾನರು ಸ್ವಲ್ಪ ಮುನಿಸಿಕೊಂಡಿದ್ದರು.

ಎರಡು ವಿಮಾನ ಬದಲಾಯಿಸಿ ಇಬ್ಬರೂ ಇಳಿದಾಗ ಹೊರಗೆ ಸಮುದ್ರದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಕಂಬಿಯ ಆಚೆ ತಮ್ಮ ನಿಂತಿದ್ದ. ಅವನ ತಲೆಕೂದಲು ಅರ್ಧ ಹೋಗಿತ್ತು. ಅಕ್ಕನನ್ನು ಕಂಡದ್ದೇ ಮಗುವಿನಂತೆ ಮುಖ ಸೊಟ್ಟ ಮಾಡಿದ. “ಅಂಗಿ ಇಸ್ತ್ರಿ ಮಾಡ್ಕೊಂಡು ಬರೋಕಾಗ್ಲಿಲ್ವೇನೋ?” ಎಂದು ಕಿಸಕ್ಕ ಅವನ ಕಾಲರು ಸರಿಮಾಡಿ, ಅದನ್ನು ಬಿಡದೆ ಹಾಗೆಯೇ ಹಿಡಿದುಕೊಂಡು ನಿಂತಳು.

ಅವನ ಹಿಂದೆ ಎತ್ತರಕ್ಕೆ ನಿಂತಿದ್ದ ಟೀಚರು ಮುಂದೆ ಬಂದಳು. ಅಕ್ಕ ತಮ್ಮ ಫೋನಿನಲ್ಲಿ ಮಾತಾಡುವಾಗೆಲ್ಲ ಪಕ್ಕದಲ್ಲಿ ಕೂತು ಕಿವಿಗೊಟ್ಟು, ಅಕ್ಕ ದಿನಾ ಕೇಳುವ ಮಾತೊಂದನ್ನು ತಾನೇ ಕಲಿತಿದ್ದಳಂತೆ. ಎರಡೂ ಕೈ ಜೋಡಿಸಿ, ಕಿಸಕ್ಕನ ದನಿಯಲ್ಲೇ, ಕಿಸಕ್ಕನ ರಾಗದಲ್ಲೇ ಕೇಳಿದಳು.

“ಊಟ ಆಯ್ತೇನೋ ಅಕ್ಕಾ?”

ಆಮೇಲೆ ಯಜಮಾನರ ಕಡೆ ತಿರುಗಿ ಇನ್ನಷ್ಟು ವಿನಯದಿಂದ, “ನಿಂದೂ ಆಯ್ತೇನೋ ಭಾವಾ?”

ತಮ್ಮ ನಾಚಿಕೆಯಿಂದ ನೆಲ ನೋಡಿದ. ಕಿಸಕ್ಕ ಸೂಟ್‌ಕೇಸಿನ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡಳು. ಯಜಮಾನರು ಗಂಭೀರವಾಗಿ ಸೊಸೆಯಂಥ ಆ ಹುಡುಗಿಯ ಮುಖ ನೋಡಿ ಹೇಳಿದರು.

“ಇನ್ನೂ ಇಲ್ಲಮ್ಮ. ವಿಮಾನದಲ್ಲಿ ಕೊಟ್ಟಿದ್ದು ಊಟ ಅಲ್ಲ. ನಡಿ, ಮನೆಗೆ ಹೋಗೋಣ.”