ನುಂಗಿದ್ದಕ್ಕೆ ಸಾಕ್ಷಿ

ಮನೆಯಲ್ಲಿ ಸಾಕುವ ಸಮುದ್ರದ ಮೀನು ಮಾರುವ ಆ ಅಂಗಡಿಯ ಹಿಂದಿನ ಕೋಣೆ ತುತ್ತಕ್ಕನದು. ಹೊಸದಾಗಿ ಬಂದ ಮೀನು ಮೊದಲು ಅಲ್ಲಿಗೆ ಬರಬೇಕು, ಅಲ್ಲಿ ಉಂಡು ತೋರಿಸಿದ ಮೇಲೆಯೇ ಮುಂದಿನ ಗಾಜಿನ ತೊಟ್ಟಿಗೆ ಬಡ್ತಿ. ಕಡಲು ಬಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಎರಡು ದಿನ ಕುಲುಕಾಡಿಕೊಂಡು ಬಂದ ಜೀವಕ್ಕೆ ಎದುರಿಗೆ ತೇಲುವ ಚೂರೇ ಊಟವೆಂದು ಯಾರು ಹೇಳಬೇಕು? ಹನ್ನೆರಡು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ, ಬಾಯಿ ಬಿಗಿಹಿಡಿದ ರೋಗಿಗಳಿಗೆಲ್ಲ ತುತ್ತಿಟ್ಟು ಬಂದವಳು ಅವಳು. ಹೆಸರೂ ಅಲ್ಲಿಂದಲೇ ಅಂಟಿಕೊಂಡು ಬಂದಿತ್ತು.

ಅವತ್ತು ಮಾತ್ರ ಅವಳ ಜೀವ ಬಾಯಿಗೆ ಬಂದಿತ್ತು. ಬಿಳಿ ಮೈಗೆ ಕಿತ್ತಳೆ ಪಟ್ಟೆಯ, ಇಕ್ಕಳದಂಥ ಉದ್ದ ಮೂತಿಯ ಚಿಟ್ಟೆಮೀನೊಂದು ಒಂಬತ್ತು ದಿನದಿಂದ ಏನನ್ನೂ ಮುಟ್ಟಿರಲಿಲ್ಲ. ಜೀವಂತ ಸಿಗಡಿ ಮರಿ ಬಿಟ್ಟಳು, ಬೆಳ್ಳುಳ್ಳಿ ರಸ ಹಚ್ಚಿದ ಚೂರು ಕೊಟ್ಟಳು, ಗಾಜಿಗೆ ಕಾಗದ ಅಂಟಿಸಿ ಕತ್ತಲು ಮಾಡಿದಳು. ಉಹುಂ. ಹೊಟ್ಟೆ ಒಳಕ್ಕೆ ಸೆಳೆದುಕೊಂಡಿತ್ತು. ನಾಲ್ಕು ಗಂಟೆಗೆ ಗಿರಾಕಿ ಬರುವವರಿದ್ದರು, ಮೀನು ಉಂಡರೂ ಉಣ್ಣದಿದ್ದರೂ ಕೊಟ್ಟು ಕಳಿಸುವುದೆಂದು ಮಾಲೀಕ ಬೆಳಿಗ್ಗೆಯೇ ತೀರ್ಮಾನಿಸಿಬಿಟ್ಟಿದ್ದ.

"ಮನೇಲಿ ಹಟ ಮಾಡೋ ಮಕ್ಕಳು ನೆಂಟರ ಮನೇಲಿ ತಿನ್ನಲ್ವಾ ತುತ್ತಕ್ಕ? ಅಲ್ಲಿ ಹೋಗಿ ತಿನ್ನುತ್ತೆ ಬಿಡಿ."

"ತಿನ್ನದೆ ಸತ್ರೆ? ಆ ಪಾಪ ಯಾರ ತಲೆಗೆ ಕಟ್ತೀರಿ?"

"ನೀವೊಬ್ಬರು! ಹೂಂ ಅಂದ್ರೆ ಮುಗೀತು. ನಿಮ್ಮ ಹೂಂಗೆ ಜನ ಕಣ್ಣುಮುಚ್ಚಿ ತಗೊಂಡು ಹೋಗ್ತಾರೆ."

ಅದೇ ಅವಳಿಗೆ ಕುತ್ತಿಗೆಗೆ ಬಂದಿದ್ದು. ಆರು ವರ್ಷದ ಹಿಂದೆ ಇಂಥದೇ ಮೀನಿಗೆ ಅವಳು ಹೂಂ ಅಂದಿದ್ದಳು. ಅದು ಚೂರನ್ನು ಬಾಯಿಗೆ ಹಾಕಿಕೊಂಡದ್ದನ್ನು ಕಣ್ಣಾರೆ ಕಂಡಿದ್ದಳು, ಸುಳ್ಳೇನಲ್ಲ. ಮೀನು ಮಾರಾಟವಾದ ಸಂಜೆ ತೊಟ್ಟಿ ತೊಳೆಯುವಾಗ ಕಲ್ಲಿನ ಹಿಂದೆ ಉಗಿದ ಚೂರುಗಳ ಗುಡ್ಡೆ ಸಿಕ್ಕಿತು. ಓಡಿಹೋಗಿ ಹೇಳಬಹುದಿತ್ತು. ಹೇಳಲಿಲ್ಲ, ಹೆದರಿಕೆ. ಐದನೇ ದಿನ ಮೀನು ಸತ್ತ ಸುದ್ದಿ ಬಂತು. ಅಂದಿನಿಂದ ಅವಳ ಲೆಕ್ಕದಲ್ಲಿ ಬಾಯಿಗೆ ಹಾಕಿದ್ದು ಊಟವಲ್ಲ. ತೊಟ್ಟಿಯ ತಳದಲ್ಲಿ ಮೀನಿನ ಹಿಕ್ಕೆ ಕಂಡರೆ ಮಾತ್ರ ಊಟ. ಅದಕ್ಕಾಗಿ ಬ್ಯಾಟರಿ ಹಿಡಿದು ಮಂಡಿಯೂರುವ ಅವಳನ್ನು ಕಂಡು ಅಂಗಡಿಯವರೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಗಲಿ.

ಮೂರೂವರೆಗೆ ಕೊನೆಯ ಪ್ರಯತ್ನ. ಚಿಪ್ಪು ಸೀಳಿದ ಹಸಿ ಕಪ್ಪೆಚಿಪ್ಪನ್ನು ಎರಡು ಕಲ್ಲಿನ ನಡುವೆ ಸಿಗಿಸಿಟ್ಟಳು. ಸಂದಿಯಲ್ಲಿ ಮೂತಿ ತೂರಿಸಿ ತಿನ್ನುವ ಜಾತಿ ಅದು. ಮೀನು ಬಂತು, ತಿರುಗಿತು, ಮತ್ತೆ ಬಂತು. ಅಷ್ಟರಲ್ಲಿ ಗಿರಾಕಿಯೂ ಬಂದರು. ನೋಡಿದವಳೇ ತುತ್ತಕ್ಕ ಗುರುತು ಹಿಡಿದಳು. ಗಡಿಯಾರ ರಿಪೇರಿಯವರು! ಆರು ವರ್ಷದ ಹಿಂದೆ ಆ ಮೀನು ಕೊಂಡ ಮನುಷ್ಯ ಅವರೇ.

"ಹೋದ ಸಲದ್ದನ್ನ ನಮ್ಮನೆಯವಳು ಕೊಂದಳು ಕಣಮ್ಮ," ಅಂದರು ಅವರು, ಲೋಕಾಭಿರಾಮವಾಗಿ. "ಪಾತ್ರೆ ತೊಳೆದ ಸೋಪಿನ ಕೈನೇ ನೀರಿಗೆ ಹಾಕಿದ್ಲು. ಈ ಸಲ ತೊಟ್ಟಿ ಹತ್ರ ಸುಳೀಬೇಡ ಅಂತ ಹೇಳಿಟ್ಟಿದ್ದೀನಿ."

ಆಗಲೇ ಮೀನು ಚಿಪ್ಪಿಗೆ ಮೂತಿ ಹಾಕಿ ಮಾಂಸದ ಒಂದು ಎಳೆ ಕಿತ್ತಿತು. "ತಿಂತು, ತಿಂತು!" ಎಂದು ಮಾಲೀಕ ಬಲೆಗೆ ಕೈ ಹಾಕಿದ. ರಿಪೇರಿಯವರು ಅವನ ಕಡೆ ನೋಡಲೇ ಇಲ್ಲ. ಅವರ ಕಣ್ಣು ತುತ್ತಕ್ಕನ ಮೇಲಿತ್ತು.

"ನೀವು ಹೇಳಿ. ತಿಂತಾ?"

ಮಾಲೀಕ ಅವಳನ್ನು ಕಣ್ಣಲ್ಲೇ ಗದರಿಸಿದ. ಒಂದು ಹೂಂ ಸಾಕಿತ್ತು.

"ಇಲ್ಲ," ಅಂದಳು. "ಬಾಯಿಗೆ ಹಾಕ್ಕೊಂಡಿದೆ ಅಷ್ಟೆ. ಅವತ್ತಿನ ಮೀನೂ ಹಿಂಗೇ ಮಾಡಿತ್ತು ಅಣ್ಣ. ನುಂಗಿರಲಿಲ್ಲ, ಉಗಿದಿತ್ತು. ನನಗೆ ಅವತ್ತೇ ಸಂಜೆ ಗೊತ್ತಾಯ್ತು, ನಿಮಗೆ ಹೇಳಲಿಲ್ಲ. ನಿಮ್ಮನೆಯವರು ಏನೂ ಮಾಡಿಲ್ಲ."

ಗಾಳಿ ಯಂತ್ರ ಗುಳುಗುಳು ಅನ್ನುತ್ತಿತ್ತು. ಕಿತ್ತ ಎಳೆಯನ್ನು ಮೀನು ಪಿಚಕ್ಕನೆ ಉಗಿಯಿತು, ಅದು ಮೆಲ್ಲಗೆ ತಳಕ್ಕೆ ಇಳಿಯುವುದನ್ನು ಮೂವರೂ ನೋಡಿದರು. ಮಾಲೀಕ ಬಲೆಯನ್ನು ಮೊಳೆಗೆ ತೂಗುಹಾಕಿದ.

"ಆರು ವರ್ಷ," ಎಂದರು ರಿಪೇರಿಯವರು. "ಆರು ವರ್ಷ ಅವಳಿಗೆ ಸೋಪಿನ ಕೈ, ಸೋಪಿನ ಕೈ ಅಂತ ಕುಟುಕಿದ್ದೀನಿ." ಬೈಯುತ್ತಾರೆಂದು ತುತ್ತಕ್ಕ ಕಾದಳು. ಅವರು ಬೈಯದೆ ಹೊರಟುಹೋದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ದಿನವೂ ಮೀನು ಕಿತ್ತಿತು, ಉಗಿಯಿತು. ಅವಳು ಚಿಪ್ಪು ಬದಲಿಸಿದಳು, ಕಲ್ಲು ಇನ್ನಷ್ಟು ಒತ್ತಾಗಿ ಇಟ್ಟಳು. ಮೂರನೆಯ ಬೆಳಿಗ್ಗೆ ಬ್ಯಾಟರಿ ಬೆಳಕಿಗೆ ತೊಟ್ಟಿಯ ತಳದಲ್ಲಿ ಕಂದು ದಾರದಂಥ ಹಿಕ್ಕೆಯೊಂದು ಸಿಕ್ಕಿತು. ಮಂಡಿಯ ಮೇಲೆ ಇದ್ದ ಹಾಗೆಯೇ ಅವಳು ಅತ್ತುಬಿಟ್ಟಳು. ಮಾಲೀಕ ನಗಲಿಲ್ಲ, ತಾನೇ ರಿಪೇರಿಯವರಿಗೆ ಫೋನ್ ಮಾಡಿದ.

ನಾಲ್ಕಕ್ಕೆ ಅವರು ಬಂದರು, ಜೊತೆಯಲ್ಲಿ ಹೆಂಡತಿ. ತುತ್ತಕ್ಕ ಎದ್ದು ನಿಂತಳು. ಏನು ಹೇಳಬೇಕೆಂದು ಬೆಳಗಿನಿಂದ ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. "ಹತ್ರ ಬಂದು ನೋಡಿ ಅಮ್ಮ, ತಿಂತಾ ಇದೆ," ಎಂದಷ್ಟೇ ಅಂದಳು.

ಆ ಹೆಂಗಸು ಬಾಗಿಲಲ್ಲೇ ನಿಂತು, ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಇಲ್ಲಿಂದಾನೇ ನೋಡ್ತೀನಮ್ಮ," ಅಂದಳು. "ಅಭ್ಯಾಸ ಆಗೋಗಿದೆ."