ಕಾಲು ನೋಡುವ ದುಂಡವ್ವ

ಗಡಿಯಾಚೆಯ ಮರಾಠಿ ಸೀಮೆಯ ಗೋಕುಳ ಶಿರಗಾಂವದಲ್ಲಿ ಇನ್ನೂ ಬೆಳಗಿನ ಆರು ಗಂಟೆ. ಕಸ ಹೊಡೆದ ನೆಲದ ಮೇಲೆ ದುಂಡವ್ವ ಜರಡಿ ಹಿಡಿದು ರಂಗೋಲಿ ಪುಡಿ ಉದುರಿಸುತ್ತಿದ್ದಾರೆ. ಚುಕ್ಕಿಯಿಲ್ಲ, ಎಳೆಯಿಲ್ಲ, ಚಾಪೆಯಗಲ ಬರೀ ಬಿಳುಪು. ಬಾಗಿಲಲ್ಲಿ ಹಾಕುವುದನ್ನು ಕೋಣೆಯ ನಡುವೆ ಹರವಿದ್ದಾರಲ್ಲ ಎಂದು ಹೊಸಬರು ಮುಸಿಮುಸಿ ನಗುತ್ತಾರೆ.

ಇದು ಕಬ್ಬಿಣ ಎರಕದ ಕಾರ್ಖಾನೆಯೊಂದರ ತರಬೇತಿ ಕೋಣೆ. ಕೆಲಸ ಕಲಿಯಲು ಬಂದವನು ದಪ್ಪನೆಯ ವಿಆರ್ ಕನ್ನಡಕ ಕಟ್ಟಿಕೊಂಡರೆ ಸಾಕು, ಎದುರಿಗೆ ಭಟ್ಟಿ ಧಗಧಗಿಸುತ್ತದೆ. ಕೈಯಲ್ಲಿನ ರಿಮೋಟೇ ಕಾದ ಕಬ್ಬಿಣ ಹೊಯ್ಯುವ ಸೌಟಾಗುತ್ತದೆ. ತಪ್ಪಿದರೆ ಬೆಂಕಿ ಮೈಮೇಲೆ ಹಾರುತ್ತದೆ, ಒಂದು ಕೂದಲೂ ಸುಡುವುದಿಲ್ಲ. ಬೆಕ್ಕಸ ಬೆರಗಾಗುವ ಮಾಯೆಯೇ ಸರಿ. ಬೆವರಿದ ಕನ್ನಡಕ ಒರೆಸುವುದು, ತಲೆಸುತ್ತಿ ವಾಲಿದವರನ್ನು ಹಿಡಿಯುವುದು ಐವತ್ತನಾಲ್ಕರ ದುಂಡವ್ವನ ಕೆಲಸ. ದಿನಕ್ಕೆ ಇಪ್ಪತ್ತು ಮಂದಿಯಂತೆ ಮೂರು ವರ್ಷದಿಂದ ಮಾಡುತ್ತಿದ್ದಾರೆ.

“ಮೊದಲನೇ ದಿನ ನೋಡಿ ಅತ್ತಬಿಟ್ಟೆ ರೀ. ಇದು ಆಗ ಇದ್ದಿದ್ರ ನಮ್ಮ ಮನ್ಯಾಗಿನವ್ರ ಕಾಲ ಉಳೀತಿತ್ತು,” ಎನ್ನುತ್ತಾರೆ.

ಗಂಡ ಭರಮಪ್ಪ ಬೇರೊಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕಬ್ಬಿಣ ಹೊಯ್ದವರು. ಹನ್ನೊಂದು ವರ್ಷದ ಹಿಂದೆ ಅಚ್ಚಿನಿಂದ ಕಬ್ಬಿಣ ಸಿಡಿದಾಗ ಅವರ ಪಾದಗಳೆರಡೂ ಜೋಡಿಸಿದಂತಿದ್ದವು, ಹಿಂದಕ್ಕೆ ಹಾರಲಾಗಲಿಲ್ಲ. ಎಡಗಾಲು ಸುಟ್ಟುಹೋಯಿತು. ಅಂದಿನಿಂದ ದುಂಡವ್ವ ಯಾರನ್ನು ಕಂಡರೂ ಮೊದಲು ಕಾಲು ನೋಡುತ್ತಾರೆ.

ಈ ಮಾಯಾ ಕನ್ನಡಕಕ್ಕೋ, ತಲೆ ಗೊತ್ತು, ಕೈ ಗೊತ್ತು, ಕಾಲಿನ ಸುದ್ದಿಯೇ ಇಲ್ಲ. ಆ ಕೊರತೆಯನ್ನು ಕಂಡುಹಿಡಿದವರು ದುಂಡವ್ವ. ಮೊದಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ! ವಾದ ಬಿಟ್ಟು ಪುಡಿ ಉದುರಿಸತೊಡಗಿದರು. ಬಿಳುಪಿನಲ್ಲಿ ಒಂದಕ್ಕೊಂದು ತಾಗಿ ಮೂಡಿದ ಹೆಜ್ಜೆ ಕಂಡು ತರಬೇತಿ ಕೊಡುವ ನಿಲೇಶ ಸರ್ ಮೂಗಿನ ಮೇಲೆ ಬೆರಳಿಟ್ಟರು. ಈಗ ದುಂಡವ್ವ ಹೂಂ ಅನ್ನದೆ ಅವರು ಯಾರನ್ನೂ ಭಟ್ಟಿಗೆ ಕಳಿಸುವುದಿಲ್ಲ.

ಇವತ್ತು ದಾನೋಳಿಯ ಪ್ರತಾಪನ ಕೊನೆಯ ಪರೀಕ್ಷೆ. ಪರದೆಯ ಮೇಲೆ ನೂರಕ್ಕೆ ತೊಂಬತ್ತಾರು ಅಂಕ. ನೆಲದ ಮೇಲೆ ಮಾತ್ರ ಎರಡು ಪಾದ ಒಂದಕ್ಕೊಂದು ಅಂಟಿಕೊಂಡಿವೆ. ದುಂಡವ್ವ ಆಗದೆಂದು ತಲೆಯಾಡಿಸುತ್ತಾರೆ. ನಾಳೆ ಭಟ್ಟಿ ಸೇರುವ ಉಮೇದಿನಲ್ಲಿದ್ದವನ ಮುಖ ಬಾಡುತ್ತದೆ.

“ಮಾವಶಿ, ಮಷೀನ್ ಪಾಸ್ ಅಂತೈತಲ್ಲಾ.”

“ಮಷೀನಿಗೆ ಕಾಲ ಕಾಣಂಗಿಲ್ಲಪಾ. ನನಗ ಕಾಣ್ತಾವ.”

ಪುಡಿ ಮತ್ತೆ ಹರವುತ್ತಾರೆ. ಇನ್ನೂ ಎರಡು ಸಲ ಅದೇ ಕಥೆ. ನಾಲ್ಕನೆಯ ಸಲ ಕಾಣದ ಬೆಂಕಿ ಸಿಡಿದಾಗ, ಹಿಂದಿಟ್ಟಿದ್ದ ಬಲಗಾಲಿನ ಮೇಲೆ ಭಾರ ಹಾಕಿ ಪ್ರತಾಪ ಛಂಗನೆ ಹಿಂದೆ ಹಾರುತ್ತಾನೆ. ದುಂಡವ್ವ ಬಗ್ಗಿ ಆ ಗುರುತನ್ನು ಬಹಳ ಹೊತ್ತು ನೋಡುತ್ತಾರೆ. “ಹೋಗು ಈಗ,” ಎಂದಾಗ ಅವರ ಕಣ್ಣುಗಳು ಒದ್ದೆಯಾಗಿವೆ.

ಗಂಡ ದುಡಿದ ಭಟ್ಟಿ ಹೇಗಿತ್ತೆಂದು ದುಂಡವ್ವ ಇಂದಿಗೂ ಕಂಡಿಲ್ಲ. ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲ. ಒಮ್ಮೆ ನೀವೂ ಕನ್ನಡಕ ಹಾಕಿಕೊಳ್ಳಿ ಎಂದು ನಿಲೇಶ ಸರ್ ಎಷ್ಟೋ ಸಲ ಹೇಳಿದ್ದಾರೆ.

“ನೋಡಬೇಕಂತ ಭಾಳ ಆಸೆ ಐತ್ರಿ,” ಎನ್ನುತ್ತ ದುಂಡವ್ವ ಜರಡಿ ಎತ್ತಿಕೊಳ್ಳುತ್ತಾರೆ. “ಆದ್ರ ನಾ ಅದನ್ನ ಕಟ್ಕೊಂಡ ನಿಂತ್ರ, ಇವರ ಕಾಲ ಯಾರ ನೋಡಬೇಕ್ರಿ?”